ಮೀಸೆಯ ಮಣ್ಣು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಸೋಲೊಪ್ಪದವರನ್ನು ಅಣಕಿಸಲು ಬಳಸುತ್ತೇವೆ. ಗರಡಿಯ ಲೆಕ್ಕದಲ್ಲಿ ನೋಡಿದರೆ ಅದರ ಚುಚ್ಚು ಇನ್ನೂ ಆಳದ್ದು. ಕುಸ್ತಿಯಲ್ಲಿ ಸೋಲು ತೀರ್ಮಾನವಾಗುವುದು ಬೆನ್ನು ನೆಲಕ್ಕೆ ಹತ್ತಿದಾಗ. ಬೋರಲು ಬಿದ್ದವನ ಮೀಸೆಗೆ ಮಣ್ಣು ಮೆತ್ತುತ್ತದೆ, ಆದರೆ ಅವನಿನ್ನೂ ಸೋತಿಲ್ಲ. ಮೀಸೆ ಚೊಕ್ಕಟವಾಗಿ ಉಳಿಯುವುದು ಅಂಗಾತ ಬಿದ್ದವನದು, ಅಂದರೆ ಚಿತ್ ಆದವನದು. ಪಾಪ, ಆ ಜಟ್ಟಿ ತನ್ನ ಸೋಲಿಗೆ ತಾನೇ ಸಾಕ್ಷಿ ಹೇಳುತ್ತಿದ್ದಾನೆ.

ಬೆಳಗಾದರೆ ವಾಟ್ಸಾಪಿನಲ್ಲಿ ಬಂದು ಬೀಳುವ 'ಪಾಸಿಟಿವ್ ಥಿಂಕಿಂಗ್' ಉಪದೇಶಗಳನ್ನು ಓದಿದಾಗಲೆಲ್ಲ ನನಗೆ ಈ ಜಟ್ಟಿ ನೆನಪಾಗುತ್ತಾನೆ. ಒಳ್ಳೆಯದನ್ನೇ ಯೋಚಿಸು, ಸೋಲೆಂಬ ಮಾತನ್ನೇ ಆಡಬೇಡ. ಕರಾಟೆ, ಜೂಡೊ ತರಗತಿಗಳ ಫಲಕಗಳ ಮೇಲೂ ಈಗ ಇದೇ ಭಾಷೆ: ಆತ್ಮವಿಶ್ವಾಸ, ಏಕಾಗ್ರತೆ, ಸಕಾರಾತ್ಮಕ ಮನೋಭಾವ. ಸಮರ ಕಲೆಯಿಂದ ಮನಸ್ಸು ಹಸನಾಗುವುದು ನಿಜವೇ? ನಿಜ ಎಂದೇ ನನ್ನ ನಂಬಿಕೆ. ಫಲಕ ಹೇಳುವ ಕಾರಣಕ್ಕಂತೂ ಅಲ್ಲ.

1882ರಲ್ಲಿ ಟೋಕಿಯೊದ ಎಯ್‌ಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, 12 ಚಾಪೆ ಹಾಸುವಷ್ಟು ಜಾಗದಲ್ಲಿ, ಜಿಗೊರೊ ಕಾನೊ ಜೂಡೊ ಕಲಿಸತೊಡಗಿದ. ಶಾಲೆಯಲ್ಲಿ ದೊಡ್ಡ ಹುಡುಗರಿಂದ ಪೆಟ್ಟು ತಿಂದಿದ್ದ ಸಣ್ಣ ಆಳು ಅವನು. ಎದುರಾಳಿಯನ್ನು ಎತ್ತಿ ಒಗೆಯುವುದೇ ಜೂಡೊದ ಸೊಗಸು. ಆದರೂ ಹೊಸಬನಿಗೆ ಮೊದಲು ಕಲಿಸುವುದು ಬೀಳುವುದನ್ನು. ಅದಕ್ಕೆ ಉಕೆಮಿ ಎಂದು ಹೆಸರು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆ ನೆಲಕ್ಕೆ ಬಡಿಯುತ್ತದೆ. ಬೀಳುವ ಗಳಿಗೆಯಲ್ಲೇ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಪೆಟ್ಟು ಒಂದೆಡೆ ನಾಟದೆ ಹರಡಿಹೋಗುತ್ತದೆ. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳುತ್ತ ಇದನ್ನೇ ದಿನಗಟ್ಟಲೆ ಮಾಡಿಸುತ್ತಾರೆ.

ಇದು ಮನಸ್ಸಿಗೇನು ಮಾಡುತ್ತದೆ? ಬೀಳುವ ಭಯಕ್ಕೆ ಮೈ ಮೊದಲು ಸೆಟೆದುಕೊಳ್ಳುತ್ತದೆ. ಸೆಟೆದ ಮೈಗೆ ಪೆಟ್ಟು ಹೆಚ್ಚು, ಆ ಪೆಟ್ಟಿನಿಂದ ಭಯ ಇನ್ನಷ್ಟು. 'ಹೆದರಬೇಡ' ಎಂದು ಯಾರೋ ಹೇಳಿದ್ದು ಮನಸ್ಸಿಗೆ ಬರೀ ಕೇಳಿದ ಮಾತು. ಇನ್ನೂರು ಸಲ ಬಿದ್ದು ಇನ್ನೂರು ಸಲ ಎದ್ದದ್ದು ಮೈಯೇ ಕಂಡ ಸಾಕ್ಷಿ. ಇನ್ನೊಂದು ಏರ್ಪಾಡು ನನಗೆ ಇದಕ್ಕಿಂತ ಮೆಚ್ಚುಗೆ. ಹಿಡಿತಕ್ಕೆ ಸಿಕ್ಕವನು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟಿದರೆ 'ಸೋತೆ' ಎಂದರ್ಥ. ಹಿಡಿದವನು ಆ ಕ್ಷಣವೇ ಬಿಡಬೇಕು. ಇಬ್ಬರೂ ಎದ್ದು ಮತ್ತೆ ಕೈ ಕೂಡಿಸುತ್ತಾರೆ. ಸಂಬಳಕ್ಕೆ, ಅಂಕಪಟ್ಟಿಗೆ, ಮದುವೆ ಸಂಬಂಧಕ್ಕೆ ಕುಂದಾಗದಂತೆ ಒಂದು ಸಂಜೆಗೆ ಹತ್ತು ಸಲ ಸೋಲಲು ನಮಗೆ ಬೇರೆಲ್ಲಿ ಜಾಗವಿದೆ?

ನಮ್ಮ ಗರಡಿಯ ಹುಡುಗನಿಗೆ ಪಟ್ಟು ವರಸೆಗಳಿಗಿಂತ ಮುಂಚೆ ಸಿಗುವುದು ಮಣ್ಣಿನ ಕೆಲಸ. ಎಣ್ಣೆ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣನ್ನು ಅಗೆದು ತಿರುವಿ ಹಾಕುತ್ತಿರಬೇಕು, ಇಲ್ಲವಾದರೆ ಗಟ್ಟಿಯಾಗುತ್ತದೆ. ಬೀಳುವವನಿಗಾಗಿ ನೆಲವನ್ನು ಮೆತ್ತಗೆ ಮಾಡುವ ಕೆಲಸ ಇದು. ಹೊಸದರಲ್ಲಿ ಬೀಳುವವನು ಹೆಚ್ಚಾಗಿ ಅವನೇ.

ಹಾಗಾದರೆ ಸಾಮು ಮಾಡಿದವರೆಲ್ಲ ಸಂತರೋ ಎಂದು ಕೇಳಬಹುದು. ಇಲ್ಲ. ಕಲಿತ ಪಟ್ಟನ್ನು ಬೀದಿಯಲ್ಲಿ ಚಲಾಯಿಸುವವರನ್ನು ಎಲ್ಲ ಊರೂ ಕಂಡಿದೆ. ನಿಲ್ಲಿಸುವುದನ್ನು ಕಲಿಸದ ಕಡೆ ಬಲ ಸೊಕ್ಕಾಗುತ್ತದೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಯಲ್ಲಿ ಆಯುಧ ಹಿಡಿದು ಸೆಣಸುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಮುಗಿಯಿತು. 'ಇಷ್ಟೇನಾ?' ಎನ್ನುವವರಿಗೆ ಏನು ಹೇಳುವುದು! ಆ ಇಷ್ಟರಲ್ಲೇ ಇರುವುದು ವಿದ್ಯೆ. 1922ರಲ್ಲಿ ಓಕಿನಾವಾದಿಂದ ಟೋಕಿಯೊಗೆ ಕರಾಟೆ ಒಯ್ದ ಗಿಚಿನ್ ಫುನಾಕೋಶಿ ಕೂಡ ಮೊದಲ ಏಟು ನಮ್ಮದಾಗಬಾರದೆಂದೇ ಕಲಿಸಿದ.

ಈಗಿನ ಕೆಲವು ತರಗತಿಗಳಲ್ಲಿ ನನಗೆ ಅನುಮಾನ ಹುಟ್ಟಿಸುವುದು ಪೆಟ್ಟಲ್ಲ, ಪಟ್ಟಿ. ಮೂರು ತಿಂಗಳಿಗೊಂದು ಪರೀಕ್ಷೆ, ಅದಕ್ಕೊಂದು ಶುಲ್ಕ, ಹೊಸ ಬಣ್ಣದ ಬೆಲ್ಟು. ಫೇಲಾದ ಮಗುವೇ ಇಲ್ಲ. ಮಕ್ಕಳಿಗೆ ಆತ್ಮವಿಶ್ವಾಸ ಬರಲಿ ಎಂದು ಹೀಗಂತೆ. ಅಂಥ ಮಗುವಿನ ಮೀಸೆ, ಅದು ಮೂಡುವ ಕಾಲಕ್ಕೆ, ಬಹಳ ಚೊಕ್ಕಟವಾಗಿರುತ್ತದೆ.

ಒಮ್ಮೆ ಒಂದು ಜೂಡೊ ತರಗತಿಯ ಹೊರಗೆ ನಿಂತು ನೋಡುತ್ತಿದ್ದೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಧಡ್ ಎಂದು ಬಿದ್ದಳು. ಪಕ್ಕದಲ್ಲಿದ್ದ ಅವಳ ಅಪ್ಪ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದರು. ಅವಳು ಎದ್ದು, ಸಡಿಲವಾದ ಬೆಲ್ಟು ಕಟ್ಟಿಕೊಳ್ಳುತ್ತ, ಇನ್ನೊಮ್ಮೆ ಬೀಳಲು ಸಾಲಿನ ಕೊನೆಗೆ ಹೋಗಿ ನಿಂತಳು. ಅಪ್ಪ ಸರಳನ್ನು ಬಿಟ್ಟಿರಲಿಲ್ಲ.