ಬಲ್ಬು ಬದಲಿಸೋದು ರಿಪೇರಿ ಅಲ್ಲ ಸ್ವಾಮಿ!

ಹಳೇ ಕಾರಿನ ಹೆಡ್‌ಲೈಟು ಮಂಕಾಗಿದೆ ಅಂತ ಯಾರ ಹತ್ತಿರವಾದ್ರೂ ಹೇಳಿ ನೋಡಿ. "ಎಲ್‌ಇಡಿ ಹಾಕಿಸಿಬಿಡ್ರಿ, ರಸ್ತೆ ಹಗಲಾಗ್ತದ" ಅಂತಾರೆ ಒಬ್ಬರು. "ನೂರು ವ್ಯಾಟಿನ ಬಲ್ಬು ಹಾಕ್ರಿ" ಅಂತಾರೆ ಇನ್ನೊಬ್ಬರು. ಮೂರನೆಯವರದು ಇನ್ನೂ ದೊಡ್ಡ ಮನಸ್ಸು, "ಗಾಡೀನೇ ಮಾರಿಬಿಡ್ರಿ!" ಬೆಳಕು ಯಾಕೆ ಕಮ್ಮಿ ಆಯ್ತು ಅಂತ ಮಾತ್ರ ಯಾರೂ ಕೇಳೋದಿಲ್ಲ. ನನ್ನ ತಕರಾರು ಇರೋದು ಇಲ್ಲೇ.

ನಾನಿರೋದು ನಿಗಡಿಯಲ್ಲಿ. ಒಂದು ಕಡೆ ಆಕುರ್ಡಿಯ ಬಜಾಜ್, ಇನ್ನೊಂದು ಕಡೆ ಪಿಂಪ್ರಿಯ ಟಾಟಾ ಮೋಟರ್ಸ್, ಸ್ವಲ್ಪ ಆಚೆ ಹೋದ್ರೆ ಚಾಕಣದ ಕಾರ್ಖಾನೆಗಳು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ಎಆರ್‌ಎಐ ಸಂಸ್ಥೆ ೧೯೬೬ರಿಂದ ಇದೇ ಪುಣೆಯಲ್ಲಿದೆ. ಇಂಥ ಊರಲ್ಲೂ ಒಂದು ಬಲ್ಬಿಗೆ ಎಷ್ಟು ವೋಲ್ಟು ತಲುಪ್ತಿದೆ ಅಂತ ಅಳೆದು ನೋಡೋರು ಅಪರೂಪ. ನನ್ನ ೨೦೦೫ರ ಮಾರುತಿ ೮೦೦ರ ಎಡಗಡೆ ದೀಪ ಮಂಕಾದಾಗ ಒಂದು ಗ್ಯಾರೇಜಿನವರು ಮೊದಲು ಬಲ್ಬು, ಆಮೇಲೆ ಹೋಲ್ಡರು, ಕಡೆಗೆ ಇಡೀ ಹೆಡ್‌ಲೈಟನ್ನೇ ಬದಲಿಸಿದರು. ಮೂರು ಬಿಲ್ಲು ಬಂತು, ದೀಪ ಮಾತ್ರ ಹಾಗೇ ಇತ್ತು. ಆಮೇಲೆ ವಯಸ್ಸಾದ ವೈರಿಂಗಿನವರೊಬ್ಬರು ದಾರಿಯಲ್ಲಿದ್ದ ಕಪಲರ್ ಬಿಚ್ಚಿ, ಕಿಲುಬು ಹಿಡಿದಿದ್ದ ಪಿನ್ನು ಕೆರೆದು, ಮತ್ತೆ ಕೂರಿಸಿದರು. ಅಷ್ಟೇ!

ನಾನು ಬಿಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ಬ್ಯಾಂಕಿನವನಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿದ್ರೆ ಎರಡೂ ಬದಿ ಸರಿ ಕಾಣುತ್ತೆ, ತಪ್ಪು ಒಳಗೇ ಕೂತಿರುತ್ತೆ. ದೊಡ್ಡ ಬಲ್ಬು ಹಾಕೋದೂ ಇಂಥದ್ದೇ ಕೆಲಸ.

ಲೆಕ್ಕ ನೋಡಿ. ನಮ್ಮ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಇರೋದು ಎಚ್೪ ಹ್ಯಾಲೊಜನ್ ಬಲ್ಬು. ಅಪ್ಪರ್ ೬೦ ವ್ಯಾಟು, ಡಿಪ್ಪರ್ ೫೫. ಎರಡೂ ಅಪ್ಪರ್ ಉರಿದರೆ ೧೨ ವೋಲ್ಟಿನಲ್ಲಿ ೧೦ ಆಂಪಿಯರ್ ಕರೆಂಟು. ನೂರು ವ್ಯಾಟಿನವು ಹಾಕಿದ್ರೆ ಸುಮಾರು ೧೭. ವೈರು ಅದೇ, ಸ್ವಿಚ್ಚು ಅದೇ. ವೈರಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದ್ರಿಂದ ಬಿಸಿ ಹೆಚ್ಚುಕಮ್ಮಿ ಮೂರುಪಟ್ಟು! ಹೋಲ್ಡರು ಕಂದುಬಣ್ಣಕ್ಕೆ ತಿರುಗೋದು, ಸ್ವಿಚ್ಚು ಕರಗೋದು, ಸುಟ್ಟ ವಾಸನೆ ಬರೋದು ಇದರಿಂದಲೇ. ಇನ್ನೊಂದು ವಿಷಯ. ಬಲ್ಬಿಗೆ ಸಿಗೋ ವೋಲ್ಟೇಜು ಹತ್ತು ಪರ್ಸೆಂಟ್ ಇಳಿದ್ರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತೆ. ಅಂದ್ರೆ ಬಹಳಷ್ಟು ಸಲ ಬಲ್ಬು ಚಿಕ್ಕದಲ್ಲ, ಅದಕ್ಕೆ ಸೇರಬೇಕಾದ್ದು ದಾರಿಯಲ್ಲೇ ಸೋರಿಹೋಗ್ತಿದೆ.

ಹುಡುಕೋದು ಬ್ರಹ್ಮವಿದ್ಯೆ ಏನಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

ಒಂದೇ ದೀಪ ಕೆಟ್ಟಿದ್ರೆ ಎಡಬಲದ ಬಲ್ಬು ಅದಲುಬದಲು ಮಾಡಿ (ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಹ್ಯಾಲೊಜನ್ನಿನ ಆಯುಸ್ಸು ತಿನ್ನುತ್ತೆ). ದೋಷ ಬಲ್ಬಿನ ಜೊತೆ ಆ ಕಡೆ ಹೋದ್ರೆ ಬಲ್ಬು ಕೆಟ್ಟಿದೆ. ಅಲ್ಲೇ ಉಳಿದ್ರೆ ಫ್ಯೂಸು, ಕಪಲರ್, ಅರ್ಥಿಂಗ್ ನೋಡಿ.

ಎರಡೂ ಮಂಕಾಗಿದ್ದು, ಇಂಜಿನ್ ರೇಸ್ ಮಾಡಿದಾಗ ಬೆಳಕು ಏರಿದ್ರೆ ಮೊದಲು ಬ್ಯಾಟರಿ, ಆಲ್ಟರ್ನೇಟರ್, ಬೆಲ್ಟು ನೋಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಹೆಚ್ಚುಕಮ್ಮಿ ೧೩.೫ರಿಂದ ೧೪.೫ ವೋಲ್ಟು ಇರಬೇಕು.

ಅದೂ ಸರಿ ಇದ್ರೆ ದೀಪ ಉರೀತಿರುವಾಗಲೇ ಅಳೀರಿ. ಬ್ಯಾಟರಿ ಪ್ಲಸ್ಸಿಂದ ಬಲ್ಬಿನ ಪ್ಲಸ್ ಪಿನ್ನಿಗೆ, ಆಮೇಲೆ ಬ್ಯಾಟರಿ ಮೈನಸ್ಸಿಂದ ಬಲ್ಬಿನ ಅರ್ಥಿಂಗ್ ಪಿನ್ನಿಗೆ. ಯಾವ ಬದಿಯಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸುತ್ತೋ ಆ ಬದಿಯಲ್ಲಿ ಸೋರಿಕೆ. (ಕೆಲವು ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಸ್ವಿಚ್ಚು ಅರ್ಥಿಂಗ್ ಬದಿಗಿರುತ್ತೆ, ಹಾಗಾಗಿ ಯಾವ ಪಿನ್ನು ಯಾವುದು ಅಂತ ಮೊದಲು ಖಚಿತ ಮಾಡ್ಕೊಳ್ಳಿ.) ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಜೊತೆಗೆ ಮಿಣುಕಿದ್ರೆ ಮೊದಲ ಅನುಮಾನ ಅರ್ಥಿಂಗ್ ಮೇಲೆ.

ಫ್ಯೂಸು ಪದೇ ಪದೇ ಹೋಗ್ತಿದ್ರೆ ದೊಡ್ಡ ಫ್ಯೂಸು ಹಾಕೋದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತೋದು ಶುದ್ಧ ಹುಚ್ಚುತನ. ಫ್ಯೂಸು ಇರೋದು ವೈರು ಕಾಯೋಕೆ. ಕಾವಲುಗಾರ ಕೂಗ್ತಾನೆ ಅಂತ ಅವನ ಬಾಯಿಗೆ ಬಟ್ಟೆ ತುರುಕ್ತೀರಾ?

ಇದೆಲ್ಲ ಸರಿ ಮಾಡಿದ ಮೇಲೂ ಬೆಳಕು ಸಾಲದಿದ್ರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಫ್ಯೂಸು, ರಿಲೇ ಹಾಕಿಸಿ. ಹಳೇ ಸ್ವಿಚ್ಚು ರಿಲೇಗೆ ಸನ್ನೆ ಮಾಡುತ್ತೆ, ಭಾರ ಹೊರೋದು ಹೊಸ ವೈರು. ಬಲ್ಬು ಕಂಪನಿಯದೇ ಇರಲಿ.

"ಎಲ್‌ಇಡಿ ಕರೆಂಟು ಕಮ್ಮಿ ತಿನ್ನುತ್ತಲ್ಲ ಸಾರ್, ವೈರು ಬಿಸಿ ಆಗಲ್ಲ" ಅಂತೀರಿ. ಒಪ್ಪಿದೆ. ಆದ್ರೆ ಹ್ಯಾಲೊಜನ್ ರಿಫ್ಲೆಕ್ಟರನ್ನು ಆ ಸಣ್ಣ ಫಿಲಮೆಂಟು ಕೂರೋ ಜಾಗಕ್ಕೆ ಅಳೆದು ಮಾಡಿರ್ತಾರೆ. ಅಲ್ಲಿ ಬೇರೆ ಆಕಾರದ ದೀಪ ತುರುಕಿದ್ರೆ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೦೬ನೇ ನಿಯಮದ ಪ್ರಕಾರ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣು ಕುಕ್ಕಬಾರದು. ಒಂದೂವರೆ ಮೀಟರ್ ಅಂದ್ರೆ ನಡೆದು ಹೋಗೋ ಮನುಷ್ಯನ ಕಣ್ಣು ಸ್ವಾಮಿ. ಪಂಢರಪುರಕ್ಕೆ ಹೊರಟ ತುಕಾರಾಮ ಮಹಾರಾಜರ ಪಾಲಖಿ ದೇಹುವಿನಿಂದ ನಮ್ಮ ನಿಗಡಿ ಮೇಲೇ ಆಕುರ್ಡಿಗೆ ಹೋಗುತ್ತೆ. ಅದನ್ನು ಸೇರೋಕೆ ಕತ್ತಲಲ್ಲೇ ನಡೆದು ಬರೋರು ಎಷ್ಟೋ ಜನ. ಊರ ಕಡೆ ನಿಪ್ಪಾಣಿ ದಾಟಿ ಚಿಕ್ಕೋಡಿ, ಮುಧೋಳದ ಕಡೆ ಹೊರಳಿದ್ರಂತೂ ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವೇ ಇಲ್ಲದ ಟ್ರೇಲರುಗಳು. ಎದುರಿನ ಎಲ್‌ಇಡಿಗೆ ಕಣ್ಣು ಕುಕ್ಕಿದ ಬೈಕಿನ ಹುಡುಗನಿಗೆ ಆ ಕಬ್ಬಿನ ಹೇರು ಕಾಣಿಸುತ್ತಾ? ನಿಮ್ಮ "ಹಗಲು" ಅವನಿಗೆ ಕತ್ತಲು.

ಹಾಗಂತ ತಪ್ಪೆಲ್ಲ ಮೆಕ್ಯಾನಿಕ್‌ಗಳದೇ ಅಂತ ನಾನು ಹೇಳಲ್ಲ. ಮೂರು ಸಾವಿರದ ಎಲ್‌ಇಡಿ ಸೆಟ್ಟಿಗೆ ತಕರಾರಿಲ್ಲದೆ ದುಡ್ಡು ಕೊಡೋ ನಾವೇ, ಎರಡು ತಾಸು ಬಗ್ಗಿ ದೋಷ ಹುಡುಕಿದವನು ಮುನ್ನೂರು ಕೇಳಿದ್ರೆ "ಏನ್ ಹಾಕಿದ್ಯಪ್ಪಾ ಹೊಸದು?" ಅಂತೀವಿ. ಸಾಮಾನಿಗೆ ಬೆಲೆ ಉಂಟು, ತಲೆ ಓಡಿಸಿದ್ದಕ್ಕಿಲ್ಲ. ಹೀಗಾದ್ರೆ ಅವನಾದ್ರೂ ಯಾಕೆ ಹುಡುಕ್ತಾನೆ? ಬದಲಿಸ್ತಾನೆ. ಅದರಲ್ಲೇ ಅವನ ಹೊಟ್ಟೆ ತುಂಬೋದು.

ಆದ್ದರಿಂದ ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಯಾವ ಬಲ್ಬು ಹಾಕ್ತೀಯಾ" ಅನ್ನಬೇಡಿ. "ಎಷ್ಟು ವೋಲ್ಟು ಬರ್ತಿದೆ, ಅಳೆದು ತೋರಿಸು" ಅನ್ನಿ. ಅವನು ಅಳೆದು ತೋರಿಸಿದ್ರೆ, ಹೊಸ ಸಾಮಾನು ಒಂದೂ ಹಾಕದಿದ್ರೂ, ಕೇಳಿದ ಕೂಲಿ ಚೌಕಾಸಿ ಮಾಡದೆ ಕೊಡಿ. ಏನಂತೀರಿ?