ಬಳಸಿದ ನೀರಿನ ಹೊಣೆ

ಊರಿಗೆ ನೀರನ್ನು ತರುವುದು ಪುಣ್ಯಕಾರ್ಯವೆಂದು ನಮ್ಮ ಜನರು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದಾರೆ. ಕೆರೆಯನ್ನು ಕಟ್ಟಿಸಿದವರ ನಾಮಧೇಯಗಳನ್ನು ಶಿಲಾಶಾಸನಗಳು ಶತಮಾನಗಳಿಂದ ಕಾಪಾಡಿಕೊಂಡಿವೆ. ಆದರೆ ಮನೆಯನ್ನು ಹೊಕ್ಕ ನೀರು ಮಲಿನವಾಗಿ ಹೊರಬಿದ್ದ ಮೇಲೆ ಅದರ ಗತಿಯನ್ನು ಚಿಂತಿಸತಕ್ಕವರು ಯಾರೆಂಬುದು ಇನ್ನೂ ನಿರ್ಣಯವಾಗಿಲ್ಲ. ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ದಿನಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಯ ಬುಡಕ್ಕೇ ಮುಗಿದುಹೋಗುತ್ತಿದ್ದುದರಿಂದ ಈ ಪ್ರಶ್ನೆ ಹುಟ್ಟಲೂ ಇಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರಿನಂತೆ ಗ್ರಾಮೀಣ ಮನೆಗಳಿಗೆ ನಲ್ಲಿಯ ನೀರೊದಗಿಸುವ ಸಂಕಲ್ಪವನ್ನು ತಳೆದಿದೆ. ಸಾವಿರ ಜನರ ಊರಿಗೆ ಇದು 55,000 ಲೀಟರು. ಅದರ ಮುಕ್ಕಾಲು ಪಾಲು ಹೊರಬಂದರೂ ನಿತ್ಯವೂ 40,000 ಲೀಟರಿಗೆ ಮಿಗಿಲಾದ ಕೊಳೆನೀರಿಗೆ ಆ ಊರು ನೆಲೆಗಾಣಿಸಬೇಕು.

ಚರಂಡಿ ಕಟ್ಟಿ ನೀರನ್ನು ಕಣ್ಣಿಗೆ ಮರೆಮಾಡಿದೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆ ಬಲವಾಗಿದೆ. ಆದರೆ ನೀರು ತಗ್ಗನ್ನು ಅರಸಿ ಹರಿಯುವುದು. ಆ ತಗ್ಗಿನಲ್ಲಿ ಊರಿನ ಕೆರೆಯಿರುತ್ತದೆ, ಇಲ್ಲವೆ, ಅನೇಕ ಊರುಗಳಲ್ಲಿ, ಬಡವರ ಮತ್ತು ದಲಿತರ ಕೇರಿಯಿರುತ್ತದೆ. ನಿಂತ ಕೊಳೆನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯೇ ಕಲಬುರಗಿ ಸೀಮೆಯನ್ನು ಬಹುಕಾಲ ಬಾಧಿಸಿದ ಆನೆಕಾಲು ರೋಗದ ವಾಹಕ. ಮೇಲಣ ಬೀದಿಯ ಅನುಕೂಲವು ಕೆಳಗಣ ಕೇರಿಯ ವ್ಯಾಧಿಯಾಗುವ ವ್ಯವಸ್ಥೆಯನ್ನು ನೈರ್ಮಲ್ಯವೆಂದು ಕರೆಯುವುದು ನ್ಯಾಯಸಮ್ಮತವಲ್ಲ.

ಹಾಗಾದರೆ ನಗರದ ಶುದ್ಧೀಕರಣ ಯಂತ್ರವನ್ನೇ ಕಿರಿದಾಗಿ ಹಳ್ಳಿಗೆ ತರಬಹುದಲ್ಲವೆ ಎಂದು ಕೇಳುವವರಿದ್ದಾರೆ. ಅಂಥ ಯಂತ್ರಗಳಿಗೆ ಬಹುಮಟ್ಟಿಗೆ ಆಧಾರವಾದ, 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಪ್ರಕಟಿಸಿದ, ಗಾಳಿಯೂದಿ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಜೀರ್ಣಿಸುವ ವಿಧಾನವು ನಿಸ್ಸಂದೇಹವಾಗಿ ಮಹತ್ತಾದುದು. ಆದರೆ ಆ ಜೀವಿಗಳಿಗೆ ಗಾಳಿ ಎಡೆಬಿಡದೆ ಬೇಕು, ಗಾಳಿಗೆ ವಿದ್ಯುತ್ತು ಬೇಕು, ಯಂತ್ರಕ್ಕೆ ನುರಿತ ಕೈ ಬೇಕು. ಈ ಮೂರೂ ನಿರಂತರವಾಗಿ ಒದಗದ ಊರಿನಲ್ಲಿ ಆ ಯಂತ್ರವು ವ್ಯರ್ಥವ್ಯಯವಾಗುವುದು.

ಹಳ್ಳಿಗೆ ನೆಲವಿದೆ, ಬಿಸಿಲಿದೆ, ಇಳಿಜಾರಿದೆ. ಶುದ್ಧೀಕರಣವು ಇವನ್ನೇ ಆಶ್ರಯಿಸುವುದು ಉಚಿತ. ಬಚ್ಚಲು ಮತ್ತು ಅಡುಗೆಮನೆಯ ನೀರನ್ನು ಶೌಚದ ನೀರಿನೊಡನೆ ಬೆರೆಸದಿದ್ದರೆ ಅರ್ಧ ಕಷ್ಟ ಪರಿಹಾರವಾದಂತೆಯೇ. ಕೋಲಾರದ ಕೆಂಪುನೆಲದಲ್ಲಿ, ಜಿಡ್ಡು ಮತ್ತು ಹೂಳನ್ನು ತಡೆಯುವ ಚಿಕ್ಕ ತೊಟ್ಟಿಯೊಡನೆ, ಮನೆಮನೆಯ ಇಂಗುಗುಂಡಿ ಸಾಕಾದೀತು. ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ನೀರು ಸುಲಭವಾಗಿ ಇಂಗದಾದ್ದರಿಂದ ಅಲ್ಲಿ ಊರ ಹೊರಗೆ ಸಾಲಾದ ಕೊಳಗಳು ಬೇಕು: ಬಿಸಿಲಿನಿಂದ ಬೆಳೆದ ಪಾಚಿ ಆಮ್ಲಜನಕವನ್ನು ಕೊಡುತ್ತದೆ, ಬ್ಯಾಕ್ಟೀರಿಯಗಳು ಅದನ್ನು ಬಳಸಿ ಕೊಳೆಯನ್ನು ಕರಗಿಸುತ್ತವೆ, ನೀರು ಹಲವು ದಿನ ನಿಂತಷ್ಟೂ ರೋಗಾಣುಗಳು ಕ್ಷೀಣಿಸುತ್ತವೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರುವ, ಅಂಗಳಕ್ಕೊಂದು ಬಾವಿಯಿರುವ ಕರಾವಳಿಯಲ್ಲಿ ಗುಂಡಿಗೂ ಬಾವಿಗೂ ನಡುವಣ ಅಂತರವೇ ಪ್ರಥಮ ವಿಚಾರ. ಒಂದೇ ನಕ್ಷೆಯನ್ನು ಎಲ್ಲೆಡೆಗೂ ವಿಧಿಸುವುದು ಭೂಮಿಯ ಸ್ವಭಾವವನ್ನು ಅಲಕ್ಷಿಸಿದಂತಾಗುವುದು.

ಸರಳವಾದುದೆಲ್ಲ ತಾನಾಗಿಯೇ ನಡೆಯುವುದೆಂದು ಮಾತ್ರ ಬಗೆಯಬಾರದು. ತೊಟ್ಟಿಯ ಹೂಳು ತುಂಬುವುದು, ಗುಂಡಿಯ ಕಲ್ಲುಗಳ ಸಂದು ಕಟ್ಟುವುದು, ಕೊಳದ ಏರಿಯಲ್ಲಿ ಕಳೆ ಬೆಳೆಯುವುದು. ಇವನ್ನು ನೋಡಿಕೊಳ್ಳುವ ಕೆಲಸವು ಹಿಂದಿನಂತೆ ಜನ್ಮದಿಂದ ಒಂದು ಜಾತಿಯ ಮೇಲೆ ಬೀಳಕೂಡದು. ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ತೊಡಗಿಸುವುದನ್ನು 2013ರ ಶಾಸನವು ನಿಷೇಧಿಸಿರುವುದರ ಅಂತರಾರ್ಥವೂ ಅದೇ. ಪಂಚಾಯಿತಿಯು ನೀರುಗಂಟಿಗೆ ಸಂಬಳ ಕೊಡುವಂತೆಯೇ ಈ ಕಾರ್ಯಕ್ಕೂ ಯೋಗ್ಯ ವೇತನವನ್ನೂ ಉಪಕರಣಗಳನ್ನೂ ತರಬೇತಿಯನ್ನೂ ತನ್ನ ಆಯವ್ಯಯದಲ್ಲಿ ಪ್ರತಿವರ್ಷ ತೆಗೆದಿರಿಸಬೇಕು.

ನೀರು ಕೊಡುವ ಹೊಣೆಯೂ ಬಳಸಿದ ನೀರನ್ನು ಶುದ್ಧಗೊಳಿಸಿ ನೆಲಕ್ಕೆ ಹಿಂದಿರುಗಿಸುವ ಹೊಣೆಯೂ ಒಂದೇ ಕರ್ತವ್ಯದ ಎರಡು ಭಾಗಗಳು. ಆದಕಾರಣ, ಹೊರಹೋಗುವ ನೀರು ಎಲ್ಲಿ ನಿಲ್ಲುವುದು, ಯಾರು ನೋಡಿಕೊಳ್ಳುವರು, ಯಾವ ಹಣದಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಯಾವ ಕುಡಿಯುವ ನೀರಿನ ಯೋಜನೆಗೂ ಗ್ರಾಮಸಭೆಯು ಸಮ್ಮತಿ ನೀಡತಕ್ಕದ್ದಲ್ಲ.