ಹಿಡಿದಿಡುವ ಯಂತ್ರಕ್ಕೆ ಹಿಡಿಯಲು ಏನು ಕೊಟ್ಟಿರಿ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ನಡೆಯುವ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಂಗೀತ ಕೂಟಗಳಿಗೆ ಹೋಗುವ ಅಭ್ಯಾಸ ನನಗಿದೆ. ಮಾಡ್ಯುಲರ್ ಸಿಂಥಸೈಜರ್ ಮುಂದೆ ಕೂತವರಲ್ಲಿ ಹೆಚ್ಚಿನವರು ಯಾವುದೋ ಒಂದು ಹಂತದಲ್ಲಿ ಒಂದೇ ಕೆಲಸ ಮಾಡುತ್ತಾರೆ. ಬರೀ ಗೊರಗೊರ ಸದ್ದಿನ ನಾಯ್ಸ್ ಮಾಡ್ಯೂಲಿನಿಂದ ಒಂದು ವೈರು ಎಳೆದು ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಚುಚ್ಚುತ್ತಾರೆ, ಅಲ್ಲಿಂದ ಇನ್ನೊಂದನ್ನು ಸ್ವರ ಹೊರಡಿಸುವ ಆಸಿಲೇಟರಿಗೆ. ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾದ ಕಂಪ್ಯೂಟರಿನಂತೆ ಬಿಪ್ ಬಾಪ್ ಬುಪ್ ಶುರುವಾಗುತ್ತದೆ. ಆಮೇಲೆ ಕೈ ಕಟ್ಟಿ ಕೂರುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಪ್ರಯೋಗ. ನಾನು ಸೋಮಾರಿತನ ಎನ್ನುತ್ತೇನೆ.

ಈ ಯಂತ್ರವನ್ನು ನೋಡದವರಿಗೆ ಎರಡು ಮಾತು. ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಎರಡು ಒಳದಾರಿ, ಒಂದು ಹೊರದಾರಿ. ಮೊದಲ ದಾರಿಯಲ್ಲಿ ಏರಿಳಿಯುವ ಒಂದು ವೋಲ್ಟೇಜ್ ಬರುತ್ತದೆ. ಎರಡನೆಯದರಲ್ಲಿ ತಾಳದ ಪೆಟ್ಟು. ಪೆಟ್ಟು ಬಿದ್ದ ಕ್ಷಣದಲ್ಲಿ ವೋಲ್ಟೇಜ್ ಎಷ್ಟಿತ್ತೋ ಅಷ್ಟನ್ನು ಮುಂದಿನ ಪೆಟ್ಟಿನ ತನಕ ಹಿಡಿದುಕೊಂಡಿರುತ್ತದೆ. ಇಷ್ಟೇ ಅದರ ಕೆಲಸ. ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಡಿಭಾಗಗಳಲ್ಲೇ ಕಟ್ಟಬಹುದು: ಒಂದು ಎಲೆಕ್ಟ್ರಾನಿಕ್ ಸ್ವಿಚ್ಚು, ಒಂದು ಕೆಪಾಸಿಟರ್, ಅದರ ಚಾರ್ಜ್ ಸೋರದಂತೆ ಓದುವ ಒಂದು ಆಪ್‌ಆಂಪ್.

ಇದರಲ್ಲಿ ಯದ್ವಾತದ್ವಾ ಎಂಬುದು ಎಲ್ಲಿದೆ? ಎಲ್ಲೂ ಇಲ್ಲ. ಗೊಂದಲ ಇರುವುದು ನಾಯ್ಸ್‌ನಲ್ಲಿ. ಸ್ಯಾಂಪಲ್ ಅಂಡ್ ಹೋಲ್ಡ್ ಹುಟ್ಟಾ ಶಿಸ್ತಿನದು, ನೆನಪಿನದು. 1970ರ ದಶಕದ ಅನಲಾಗ್ ಸಿಂಥಸೈಜರ್‌ಗಳ ಕೀಬೋರ್ಡಿನೊಳಗೆ ಇದೇ ಸರ್ಕ್ಯೂಟ್ ಇರುತ್ತಿತ್ತು. ಬೆರಳು ಎತ್ತಿದ ಮೇಲೂ ಕೊನೆಗೆ ಒತ್ತಿದ ಸ್ವರ ಯಾವುದೆಂದು ನೆನಪಿಡುವುದು ಅದರ ಹೊಣೆ. ಕೆಪಾಸಿಟರ್ ಸೋರಿದರೆ ಹಿಡಿದ ಸ್ವರ ಮೆಲ್ಲಗೆ ಶ್ರುತಿ ತಪ್ಪಿ ಜಾರುತ್ತಿತ್ತು. ಮರೆಯದಿರಲಿ ಎಂದು ಇಂಜಿನಿಯರುಗಳು ಅಷ್ಟು ಒದ್ದಾಡಿದ ಸಾಧನಕ್ಕೆ ನಾವು ನೆನಪಿಡಲು ಏನೂ ಕೊಡದೆ ಕಸ ತುಂಬುತ್ತಿದ್ದೇವೆ.

ಕೊಡಬಹುದಾದದ್ದು ಬೇಕಾದಷ್ಟಿದೆ. ನಿಧಾನವಾಗಿ ಏರಿ ತಟ್ಟನೆ ಬೀಳುವ ಗರಗಸದ ಹಲ್ಲಿನಂಥ ಅಲೆಯೊಂದನ್ನು ಕೊಡಿ. ಅದು 8 ಅಕ್ಷರಕ್ಕೆ ಒಂದು ಸುತ್ತು ಮುಗಿಸಿದರೆ ಆದಿತಾಳದ ಒಂದು ಆವರ್ತನದಲ್ಲಿ 8 ಮೆಟ್ಟಿಲಿನ ಆರೋಹಣ ಸಿಗುತ್ತದೆ. ಈಗ ತಾಳವನ್ನು ಹಾಗೇ ಬಿಟ್ಟು, ಅಲೆ 7 ಅಕ್ಷರಕ್ಕೊಮ್ಮೆ ಸುತ್ತುವಂತೆ ಗುಂಡಿ ತಿರುಗಿಸಿ. ಮೊದಲ ಮೆಟ್ಟಿಲು ಪ್ರತಿ ಆವರ್ತನದಲ್ಲೂ ಬೇರೆ ಜಾಗಕ್ಕೆ ಸರಿಯುತ್ತಾ ಹೋಗಿ 56 ಅಕ್ಷರಗಳ ನಂತರ, ಅಂದರೆ 7 ಆವರ್ತನ ಮುಗಿದ ಮೇಲೆ, ಮತ್ತೆ ಸಮಕ್ಕೆ ಬಂದು ಕೂರುತ್ತದೆ. ಮೃದಂಗ ಕಲಿಯುವ ಹುಡುಗರಿಗೂ ಈ ಲೆಕ್ಕ ಹೊಸದಲ್ಲ. ಇಲ್ಲಾ, ಯಶವಂತಪುರ ನಿಲ್ದಾಣಕ್ಕೆ ರೈಲೊಂದು ಬಂದು ಹೋಗುವ ಸದ್ದನ್ನು ರೆಕಾರ್ಡ್ ಮಾಡಿ, ಅದರ ಜೋರನ್ನು ವೋಲ್ಟೇಜ್ ಆಗಿಸುವ ಮಾಡ್ಯೂಲಿನ ಮೂಲಕ ಹಾಯಿಸಿ, ಅಕ್ಷರಕ್ಕೊಂದರಂತೆ ಹಿಡಿಯಿರಿ. ರೈಲು ಬಂದದ್ದೂ ಹೋದದ್ದೂ ಆರೋಹಣ ಅವರೋಹಣವಾಗಿ ಕೇಳುತ್ತದೆ. ಆ ರಾಗಕ್ಕೆ ಒಂದು ಊರಿದೆ.

ನನ್ನ ಮಾತಿಗೆ ಬರುವ ಉತ್ತರ ಗೊತ್ತು: ಆಯ್ಕೆ ಎಂಬುದೇ ಅಹಂಕಾರ, ಆಕಸ್ಮಿಕಕ್ಕೆ ಬಿಟ್ಟುಕೊಡುವುದೇ ಬಿಡುಗಡೆ, ಜಾನ್ ಕೇಜ್ ಮಾಡಿದ್ದೂ ಅದನ್ನೇ. ಕೇಜ್ ಹಾಗೆ ಕೈ ಕಟ್ಟಿ ಕೂತವರಲ್ಲ. 1951ರ ‘ಮ್ಯೂಸಿಕ್ ಆಫ್ ಚೇಂಜಸ್’ಗಾಗಿ ಅವರು ನಾಣ್ಯ ಚಿಮ್ಮಿದ್ದು ನಿಜ. ಆದರೆ ಯಾವ ನಾದ, ಎಷ್ಟು ಕಾಲ, ಎಷ್ಟು ಜೋರು ಎಂಬ ಪಟ್ಟಿಗಳನ್ನು ತಾವೇ ಸಿದ್ಧ ಮಾಡಿಕೊಂಡಿದ್ದರು. ಅದನ್ನು ನುಡಿಸಿದ ಡೇವಿಡ್ ಟ್ಯೂಡರ್ ಒಂದೊಂದು ಸ್ವರಕ್ಕೂ ಬೆವರು ಸುರಿಸಿದರು. ಅದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಬಂದು ಮೂಗ್ ಸಿಂಥಸೈಜರಿನ ಸ್ಟುಡಿಯೊ ಕಟ್ಟಿಕೊಟ್ಟರು. ಆಕಸ್ಮಿಕ ಅವರಿಗೆಲ್ಲ ಕಷ್ಟದ ಕೆಲಸವಾಗಿತ್ತು. ನಮಗೆ ಅದು ಕೆಲಸ ತಪ್ಪಿಸಿಕೊಳ್ಳುವ ದಾರಿ.

ಬೆಂಗಳೂರಿಗೆ ಇದಕ್ಕಿಂತ ಒಳ್ಳೆಯ ಪರಂಪರೆ ಇದೆ. ಕೊಳಲು ನುಡಿಸುತ್ತಿದ್ದ ಇಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಇಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅದರ ನಾದದ ಬಗ್ಗೆ ತಕರಾರು ಇರಬಹುದು. ಆದರೆ ಸರ್ಕ್ಯೂಟಿನಿಂದ ತನಗೆ ಬೇಕಾದದ್ದೇನು ಎಂದು ಅವರ ಕಿವಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಅದು ಪಾಠದ ಮನೆಗೂ ಕಚೇರಿಗೂ ಹೋಯಿತು.

ಸಾಹಿತ್ಯ ಓದುವವರಿಗೆ ಇದು ಪರಿಚಿತ ರೋಗ. ಛಂದಸ್ಸು ಬಿಟ್ಟ ಮಾತ್ರಕ್ಕೆ ನವ್ಯ ಕವಿತೆ ಆಗುವುದಿಲ್ಲ ಎಂದು ಎಷ್ಟು ಸಲ ಜಗಳ ಆಡಿಲ್ಲ? ಛಂದಸ್ಸು ಬಿಟ್ಟವರು ಪ್ರತಿ ಸಾಲನ್ನು ಎಲ್ಲಿ ಮುರಿಯಬೇಕೆಂದು ತಾವೇ ತೀರ್ಮಾನಿಸಬೇಕು. ಸ್ವಾತಂತ್ರ್ಯ ಬಂದಾಗ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಸಾವಿರಾರು ರೂಪಾಯಿಯ ಮಾಡ್ಯೂಲ್ ಕೊಂಡ ಮಾತ್ರಕ್ಕೆ ಆ ಹೊಣೆ ಅದರ ತಲೆಗೆ ದಾಟುವುದಿಲ್ಲ.

ಯಾವ ಹೊತ್ತಿನಲ್ಲಿ ಯಾವುದನ್ನು ಹಿಡಿಯಬೇಕು, ಎಷ್ಟು ಹೊತ್ತು ಹಿಡಿದಿರಬೇಕು, ಯಾವಾಗ ಬಿಡಬೇಕು: ಸಂಗೀತ ಎಂದರೆ ಬಹುಪಾಲು ಇದೇ. ಆ ಪ್ರಶ್ನೆಯನ್ನೇ ತಂತಿಯಲ್ಲಿ ಕಟ್ಟಿಟ್ಟಂತಿರುವ ಯಂತ್ರ ಇದು. ನಾಯ್ಸ್‌ನ ವೈರನ್ನು ಒಂದು ತಿಂಗಳು ಡ್ರಾಯರಿನಲ್ಲಿಡಿ. ಆಗಲೂ ನಿಮ್ಮ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಹೇಳಲು ಏನಾದರೂ ಉಳಿದಿದ್ದರೆ, ಕೇಳುವುದಕ್ಕೆ ಯಲಹಂಕದ ತನಕ ನಾನು ಎರಡು ಬಸ್ಸು ಬದಲಾಯಿಸಿ ಬರುತ್ತೇನೆ.